ಕಲ್ಪನೆ ಸುಲಭ, ಭಕ್ತಿ ದುಬಾರಿ: ಧಾರ್ಮಿಕ ನಂಬಿಕೆಗೆ ವಿಕಾಸವಾದ ಕೊಡುವ ಕಾರಣಗಳು



1871ರಲ್ಲಿ ಪ್ರಕಟವಾದ ‘ದಿ ಡಿಸೆಂಟ್ ಆಫ್ ಮ್ಯಾನ್’ ಗ್ರಂಥದಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ನಾಯಿಯ ಮಾತು ತೆಗೆಯುತ್ತಾನೆ. ಗಾಳಿಯಾಡದ, ಬಿಸಿಲಿನ ಒಂದು ದಿನ ಅದು ಹುಲ್ಲುಹಾಸಿನ ಮೇಲೆ ಮಲಗಿತ್ತು. ತುಸು ದೂರದಲ್ಲಿ ಬಿಚ್ಚಿಟ್ಟಿದ್ದ ಕೊಡೆಯೊಂದು ಆಗೊಮ್ಮೆ ಈಗೊಮ್ಮೆ ಸುಳಿದ ಗಾಳಿಗೆ ಅಲುಗುತ್ತಿತ್ತು. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ನಾಯಿ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಯಾರೂ ಇಲ್ಲದ್ದರಿಂದ, ಕೊಡೆ ಅಲುಗಿದಾಗಲೆಲ್ಲ ಗುರುಗುಟ್ಟಿ ಬೊಗಳಿತು. ಕಾರಣ ಕಾಣದ ಚಲನೆಯ ಹಿಂದೆ ಯಾರೋ ಅಪರಿಚಿತರಿದ್ದಾರೆಂದು ಅದು ತನಗರಿಯದೆಯೇ ತರ್ಕಿಸಿರಬೇಕು ಎಂದು ಡಾರ್ವಿನ್ ಊಹಿಸಿದ. ಕಾಣದ ಶಕ್ತಿಗಳಲ್ಲಿ ಮನುಷ್ಯ ಇಟ್ಟ ನಂಬಿಕೆಗೂ ಇಂಥದೇ ಮೂಲವಿರಬಹುದೆಂದು ಸೂಚಿಸಿದ.

ನೂರೈವತ್ತು ವರ್ಷಗಳ ಹಿಂದಿನ ಈ ಸಣ್ಣ ಟಿಪ್ಪಣಿ ಇಂದು ಒಂದು ಅಧ್ಯಯನ ಶಾಖೆಯಾಗಿ ಬೆಳೆದಿದೆ. ಮನಶ್ಶಾಸ್ತ್ರಜ್ಞರು, ಮಾನವಶಾಸ್ತ್ರಜ್ಞರು, ಜೀವವಿಜ್ಞಾನಿಗಳು ಸೇರಿ ಧರ್ಮದ ಅರಿವಿನ ವಿಜ್ಞಾನ ಎಂಬ ಹೆಸರಿನಲ್ಲಿ ಅದನ್ನು ನಡೆಸುತ್ತಿದ್ದಾರೆ. ದೇವರಿದ್ದಾನೆಯೇ ಎಂಬುದು ಅವರ ಪ್ರಶ್ನೆಯಲ್ಲ. ಇದ್ದರೂ ಇಲ್ಲದಿದ್ದರೂ ಜನ ನಂಬುತ್ತಾರೆಂಬುದು ಕಣ್ಣೆದುರಿನ ಸಂಗತಿ, ಅದಕ್ಕೆ ಕಾರಣ ಬೇಕು. ಈ ಎರಡು ಪ್ರಶ್ನೆಗಳನ್ನು ಬಿಡಿಸಿಟ್ಟವರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಮುಖ್ಯನು. ಧರ್ಮಕ್ಕೆ ತರ್ಕದಲ್ಲಿರುವ ಆಧಾರ ಬೇರೆ, ಮನುಷ್ಯ ಸ್ವಭಾವದಲ್ಲಿರುವ ಮೂಲ ಬೇರೆ ಎಂದು 1757ರಷ್ಟು ಹಿಂದೆಯೇ ಆತ ಬರೆದಿದ್ದ. ಚಂದ್ರನಲ್ಲಿ ಮುಖವನ್ನೂ ಮೋಡಗಳಲ್ಲಿ ಸೈನ್ಯವನ್ನೂ ಕಾಣುವ ನಮ್ಮ ಚಾಳಿಯನ್ನು ಎತ್ತಿ ತೋರಿಸಿದವನೂ ಆತನೇ.

ಹಳೆಯ ಕಾರಣಗಳು ಎಲ್ಲರಿಗೂ ಗೊತ್ತಿರುವಂಥವು. ಭಯ ದೇವರನ್ನು ಹುಟ್ಟಿಸಿತು, ಅಜ್ಞಾನ ಬೆಳೆಸಿತು, ಪುರೋಹಿತರು ಹೊಟ್ಟೆಪಾಡಿಗೆ ಉಳಿಸಿಕೊಂಡರು ಎಂಬುದು ಒಂದು ಸರಣಿ. ಇದು ಯೂರೋಪಿನಿಂದ ಬಂದ ಮಾತೇನಲ್ಲ. ವಿಜಯನಗರದ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ, 14ನೆಯ ಶತಮಾನದ ‘ಸರ್ವದರ್ಶನಸಂಗ್ರಹ’ ಮೊದಲ ಅಧ್ಯಾಯದಲ್ಲೇ ಪುರೋಹಿತರ ಹೊಟ್ಟೆಪಾಡನ್ನು ಕುರಿತ ಚಾರ್ವಾಕರ ವಾದವನ್ನು ಇಟ್ಟು, ಆಮೇಲೆ ಬೇರೆ ದರ್ಶನಗಳಿಗೆ ಹೋಗುತ್ತದೆ. ಇನ್ನೊಂದು ಸರಣಿ ಸಮಾಧಾನದ್ದು: ಸಾವಿನ ನೋವನ್ನು ತಡೆದುಕೊಳ್ಳಲು ಮನುಷ್ಯ ಪರಲೋಕವನ್ನು ಕಟ್ಟಿಕೊಂಡ ಎಂಬುದು.

ಎರಡೂ ಅರ್ಧ ದಾರಿಗೆ ನಿಲ್ಲುತ್ತವೆ. ಸಮಾಧಾನವೇ ಗುರಿಯಾಗಿದ್ದರೆ ನರಕವೇಕೆ, ಪಿಶಾಚಿಯೇಕೆ, ಅಡ್ಡಿ ಮಾಡುವ ಪಿತೃಗಳೇಕೆ? ಮಧ್ಯ ಆಫ್ರಿಕಾದ ಫಾಂಗ್ ಜನರ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಪಾಸ್ಕಲ್ ಬೊಯೆ ಆ ಜನರ ಒಂದು ನಂಬಿಕೆಯನ್ನು ದಾಖಲಿಸಿದ್ದಾನೆ. ಮಾಟಗಾರರ ಒಡಲಿನಲ್ಲಿ ಪ್ರಾಣಿಯಂಥ ಹೆಚ್ಚಿನ ಅಂಗವೊಂದಿದ್ದು, ರಾತ್ರಿ ಅದು ಹಾರಿಹೋಗಿ ಪರರ ಬೆಳೆ ಹಾಳುಮಾಡುತ್ತದೆಯಂತೆ. ಇದರಿಂದ ಯಾರಿಗೂ ನೆಮ್ಮದಿ ಸಿಗದು. ಇನ್ನು ಭಯದಿಂದಲೇ ದೇವರು ಹುಟ್ಟಿದನೆಂದರೆ, ಭಯಕ್ಕೆ ಈ ಆಕಾರವೇ ಏಕೆ ಬಂತು? ಹುಲಿಗೆ ಹೆದರಿದವನು ಹುಲಿಯಿಂದ ತಪ್ಪಿಸಿಕೊಂಡರೆ ಸಾಕಿತ್ತು, ಹುಲಿಯ ಮೇಲೆ ಸವಾರಿ ಮಾಡುವ ದೈವವನ್ನು ಊಹಿಸುವ ಅಗತ್ಯವಿರಲಿಲ್ಲ. ಹೊಸ ಅಧ್ಯಯನಗಳು ಹಿಡಿದದ್ದು ಈ ಎಳೆಯನ್ನು. ನಂಬಿಕೆ ಏನು ಲಾಭ ಕೊಡುತ್ತದೆ ಎಂಬುದನ್ನು ಬದಿಗಿಟ್ಟು, ಯಾವ ಬಗೆಯ ಮನಸ್ಸಿನಲ್ಲಿ ಅದು ಸಲೀಸಾಗಿ ನೆಲೆಯೂರುತ್ತದೆ ಎಂದು ಅವು ಕೇಳಿದವು.

1944ರಲ್ಲಿ ಅಮೆರಿಕದ ಫ್ರಿಟ್ಜ್ ಹೈಡರ್ ಮತ್ತು ಮೇರಿಯನ್ ಸಿಮ್ಮೆಲ್ ಒಂದು ಪುಟ್ಟ ಚಲನಚಿತ್ರ ತಯಾರಿಸಿದರು. ಅದರಲ್ಲಿದ್ದದ್ದು ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಆಯತ. ಆಕೃತಿಗಳು ಅತ್ತಿತ್ತ ಓಡಾಡುತ್ತವೆ, ಅಷ್ಟೇ. ಕಂಡದ್ದನ್ನು ಬರೆಯಿರಿ ಎಂದು ಕೇಳಿದಾಗ 34 ಮಂದಿಯಲ್ಲಿ ಒಬ್ಬರು ಮಾತ್ರ ಬಹುತೇಕ ರೇಖಾಗಣಿತದ ಭಾಷೆಯಲ್ಲಿ ಬರೆದರು. ಉಳಿದವರೆಲ್ಲ ಜಗಳ, ಅಸೂಯೆ, ಬೆನ್ನಟ್ಟುವಿಕೆಯ ಕತೆ ಹೇಳಿದರು. ದೊಡ್ಡ ತ್ರಿಕೋನ ಅವರಿಗೆ ಪುಂಡನಂತೆ ಕಂಡಿತ್ತು.

ಸ್ಟೂವರ್ಟ್ ಗತ್ರಿ 1980ರ ಒಂದು ಲೇಖನದಲ್ಲೂ 1993ರ ‘ಫೇಸಸ್ ಇನ್ ದ ಕ್ಲೌಡ್ಸ್’ ಪುಸ್ತಕದಲ್ಲೂ ಧರ್ಮದ ಮೂಲವನ್ನು ಈ ಸ್ವಭಾವದಲ್ಲೇ ಗುರುತಿಸಿದ. ಹುಲ್ಲು ಸರಿದಾಡಿದ ಸದ್ದಾಗುತ್ತದೆ. ಗಾಳಿಯನ್ನು ಚಿರತೆಯೆಂದು ತಪ್ಪು ತಿಳಿದರೆ ನಾಲ್ಕು ಹೆಜ್ಜೆ ಓಡಿದ ಆಯಾಸ ಮಾತ್ರ. ಚಿರತೆಯನ್ನು ಗಾಳಿಯೆಂದು ತಿಳಿದರೆ ಪ್ರಾಣವೇ ಹೋಗುತ್ತದೆ. ಎರಡು ತಪ್ಪುಗಳ ಬೆಲೆ ಇಷ್ಟು ಬೇರೆಯಾಗಿರುವಾಗ, ‘ಯಾರೋ ಇದ್ದಾರೆ’ ಎಂದು ಬೇಗ ತೀರ್ಮಾನಿಸುವ ಮಿದುಳೇ ಪೀಳಿಗೆಯಿಂದ ಪೀಳಿಗೆಗೆ ಉಳಿದುಬಂತು. ಜಸ್ಟಿನ್ ಬ್ಯಾರೆಟ್ ಇದನ್ನು ಅತಿ ಚುರುಕಿನ ಕರ್ತೃಪತ್ತೆಯ ಸಾಮರ್ಥ್ಯ ಎಂದು ಕರೆದ.

ವಾದ ಆಕರ್ಷಕವಾಗಿದೆ, ಪಠ್ಯಪುಸ್ತಕಗಳಲ್ಲಿ ಹೆಚ್ಚು ಪ್ರಚಾರ ಪಡೆದಿರುವುದೂ ಇದೇ. ಆದರೆ ಇಡೀ ಸೌಧವನ್ನು ಹೊರುವಷ್ಟು ಗಟ್ಟಿ ಕಂಬ ಇದಲ್ಲ. ಸದ್ದು ಕೇಳಿದವನು ಬೆಚ್ಚುತ್ತಾನೆ, ತಿರುಗಿ ನೋಡುತ್ತಾನೆ, ಬೆಕ್ಕು ಕಂಡರೆ ಸುಮ್ಮನಾಗುತ್ತಾನೆ. ಕ್ಷಣದ ಬೆಚ್ಚುವಿಕೆಗೂ ವರ್ಷವರ್ಷವೂ ನಡೆಯುವ ಜಾತ್ರೆಗೂ ನಡುವೆ ಬಹಳ ಅಂತರವಿದೆ. ಕತ್ತಲ ಹಾದಿಯಲ್ಲಿ ‘ಅಲ್ಲಿ ಮೋಹಿನಿಯಿದ್ದಾಳೆ’ ಎಂದು ಮೊದಲೇ ಕೇಳಿ ಗೊತ್ತಿದ್ದವನಿಗೆ ಮಾತ್ರ ಆ ಸದ್ದು ಮೋಹಿನಿಯದಾಗುತ್ತದೆ. ಬೆಚ್ಚುವುದರಿಂದ ನಂಬಿಕೆ ಬರುವುದಕ್ಕಿಂತ, ನಂಬಿಕೆಯಿಂದ ಬೆಚ್ಚುವುದೇ ಹೆಚ್ಚು.

ಇದಕ್ಕಿಂತ ಗಟ್ಟಿಯಾದ ಆಧಾರಗಳು ಮಕ್ಕಳ ಅಧ್ಯಯನದಿಂದ ಬಂದವು. ಡೆಬೊರಾ ಕೆಲೆಮನ್ ಅಮೆರಿಕದ ಮಕ್ಕಳಿಗೆ, ಬಂಡೆಗಳು ಏಕೆ ಚೂಪಾಗಿವೆ ಎಂದು ಕೇಳಿದಾಗ, ಪ್ರಾಣಿಗಳು ಮೈ ತುರಿಸಿಕೊಳ್ಳಲಿ ಎಂದು ಹಾಗಿವೆ ಎಂಬ ಬಗೆಯ ಉತ್ತರವನ್ನೇ ಅವರು ಆರಿಸಿಕೊಂಡರು. ಲೋಕದ ಪ್ರತಿಯೊಂದೂ ಯಾವುದೋ ಉದ್ದೇಶಕ್ಕಾಗಿ ಇದೆ ಎಂಬುದು ಎಳೆಯ ಮನಸ್ಸಿಗೆ ಸಹಜವಾಗಿ ತೋರುತ್ತದೆ. ದೊಡ್ಡವರಾದ ಮೇಲೆ ಇದು ಅಳಿಯುತ್ತದೆಯೇ? ಕೆಲೆಮನ್ ಮತ್ತು ಸಂಗಡಿಗರು 2013ರಲ್ಲಿ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳ ಭೌತವಿಜ್ಞಾನಿಗಳನ್ನು ಪರೀಕ್ಷಿಸಿದರು. ಯೋಚಿಸಲು ಸಮಯ ಕೊಡದೆ ಅವಸರಪಡಿಸಿದಾಗ, ಪ್ರಾಣಿಗಳು ಉಸಿರಾಡಲಿ ಎಂದು ಮರಗಳು ಆಮ್ಲಜನಕ ಬಿಡುತ್ತವೆ ಎಂಬಂಥ ಹೇಳಿಕೆಗಳನ್ನು ಅವರೂ ಹೆಚ್ಚಾಗಿ ಒಪ್ಪಿದರು. ತರಬೇತಿ ಹಳೆಯ ಒಲವನ್ನು ಮುಚ್ಚಿಟ್ಟಿತ್ತು, ಅಳಿಸಿರಲಿಲ್ಲ.

ಸಾವಿನ ವಿಷಯದಲ್ಲಿ ಚಿತ್ರ ಹೆಚ್ಚು ಜಟಿಲವಾಗಿದೆ, ಹಾಗಾಗಿ ಹೆಚ್ಚು ಸ್ವಾರಸ್ಯದ್ದೂ ಹೌದು. ಜೆಸ್ಸಿ ಬೇರಿಂಗ್ ಮತ್ತು ಡೇವಿಡ್ ಬ್ಯೋರ್ಕ್‌ಲಂಡ್ 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮಕ್ಕಳ ಮುಂದೆ ಬೊಂಬೆಯಾಟ ನಡೆಯುತ್ತದೆ, ಮೊಸಳೆ ಇಲಿಮರಿಯನ್ನು ತಿಂದುಹಾಕುತ್ತದೆ. ಇಲಿಗೆ ಇನ್ನು ಆಹಾರ ಬೇಕೇ ಎಂದರೆ ಹೆಚ್ಚಿನ ಮಕ್ಕಳು ಬೇಡವೆಂದರು. ಆದರೆ ಅದಕ್ಕೆ ಅಮ್ಮನ ನೆನಪಿದೆಯೇ ಎಂಬಂಥ ಪ್ರಶ್ನೆಗಳಿಗೆ ಹೌದೆಂದವರು ಎಷ್ಟೋ ಮಂದಿ. ದೇಹ ನಿಂತರೂ ಮನಸ್ಸು ಮುಂದುವರಿಯುತ್ತದೆ ಎಂಬ ಭಾವ ಹುಟ್ಟಿನಿಂದಲೇ ಇದೆಯೆಂದು ಇದರಿಂದ ಹೇಳಲಾಯಿತು. ಅಲ್ಲಿಗೇ ನಿಂತಿದ್ದರೆ ಕತೆ ಅಚ್ಚುಕಟ್ಟಾಗಿರುತ್ತಿತ್ತು. ಮಡಗಾಸ್ಕರಿನ ವೆಜೊ ಎಂಬ ಮೀನುಗಾರ ಸಮುದಾಯದಲ್ಲಿ ಬಹುಕಾಲ ಕೆಲಸ ಮಾಡಿದ ರೀಟಾ ಅಸ್ತೂತಿಗೆ, ಪಾಲ್ ಹ್ಯಾರಿಸ್ ಜೊತೆಗೂಡಿ ನಡೆಸಿದ ಅಧ್ಯಯನದಲ್ಲಿ, ಬೇರೆಯೇ ಕಂಡಿತು. ಅಲ್ಲಿನ ವಯಸ್ಕರು ಸತ್ತವನನ್ನು ಕುರಿತ ಕತೆಯಲ್ಲಿ ಆಸ್ಪತ್ರೆ ಬಂದಾಗ ಎಲ್ಲವೂ ಮುಗಿಯಿತೆನ್ನುವ ಕಡೆಗೆ ವಾಲಿದರು. ಕತೆಯಲ್ಲಿ ಸಮಾಧಿ, ಪಿತೃಗಳ ಕರ್ಮ ಬಂದಾಗ ಅವನಿಗೆ ಇನ್ನೂ ತಿಳಿಯುತ್ತದೆ, ನೆನಪಿದೆ ಎನ್ನುವವರು ಹೆಚ್ಚಾದರು. ಪಿತೃಗಳ ಲೋಕವನ್ನು ಮಕ್ಕಳು ಬೆಳೆಯುತ್ತ ಕಲಿತರು. ಒಲವು ಸಹಜವಾದದ್ದೇ ಇರಬಹುದು, ಆದರೆ ಅದಕ್ಕೆ ಸಂದರ್ಭ ಮತ್ತು ಸಂಸ್ಕಾರ ಬೇಕು.

ಸಹೃದಯರೇ, ಈ ಶಾಖೆಯ ಅತ್ಯುತ್ತಮ ಕೆಲಸ ನೆನಪಿಗೆ ಸಂಬಂಧಿಸಿದ್ದು. ಎಲ್ಲ ವಿಚಿತ್ರಗಳೂ ದೈವಗಳಾಗುವುದಿಲ್ಲ ಎಂಬುದು ಬೊಯೆಯ ವಾದ. ಒಂದೆರಡು ಕಡೆ ಮಾತ್ರ ಲೋಕನಿಯಮ ಮೀರಿ ಉಳಿದೆಲ್ಲ ಕಡೆ ಸಾಮಾನ್ಯವಾಗಿರುವ ಕಲ್ಪನೆಯೇ ಬಾಯಿಂದ ಬಾಯಿಗೆ ಸುಲಭವಾಗಿ ಹೋಗುತ್ತದೆ. ಮಾತು ಕೇಳಿಸಿಕೊಳ್ಳುವ ವಿಗ್ರಹ ಉಳಿಯುತ್ತದೆ. ಬುಧವಾರಗಳಂದು ಮಾತ್ರ ಇರುವ, ತನಗೆ ತಿಳಿದದ್ದನ್ನು ಕೂಡಲೇ ಮರೆಯುವ, ಏನನ್ನೂ ಬಯಸದ ವಿಗ್ರಹ ಉಳಿಯದು. ಬೊಯೆ ಮತ್ತು ಚಾರ್ಲ್ಸ್ ರ‍್ಯಾಂಬಲ್ ಫ್ರಾನ್ಸ್, ಗಬಾನ್‌ಗಳಲ್ಲೂ ನೇಪಾಳದ ಟಿಬೆಟನ್ ಭಿಕ್ಷುಗಳಲ್ಲೂ ಇದನ್ನು ಪರೀಕ್ಷಿಸಿದರು. ಇಂಥ ಅಲ್ಪ ವಿಚಿತ್ರಗಳು ಮೂರೂ ಕಡೆ ಚೆನ್ನಾಗಿ ನೆನಪಿನಲ್ಲಿ ಉಳಿದವು.

ಇನ್ನೊಂದು ಪ್ರಯೋಗ ಭಾರತಕ್ಕೆ ನೇರವಾಗಿ ಸಂಬಂಧಿಸಿದ್ದು. 1996ರಲ್ಲಿ ಬ್ಯಾರೆಟ್ ಮತ್ತು ಫ್ರಾಂಕ್ ಕೀಲ್ ಅಮೆರಿಕದ ವಿದ್ಯಾರ್ಥಿಗಳಿಗೆ ದೇವರ ಗುಣಗಳೇನೆಂದು ಕೇಳಿದರು. ಸರ್ವವ್ಯಾಪಿ, ಸರ್ವಜ್ಞ, ಏಕಕಾಲಕ್ಕೆ ಎಲ್ಲವನ್ನೂ ಮಾಡಬಲ್ಲವನು ಎಂದು ಅವರು ಶಾಸ್ತ್ರಸಮ್ಮತವಾಗಿ ಉತ್ತರಿಸಿದರು. ಆಮೇಲೆ, ನದಿಯಲ್ಲಿ ಸಿಕ್ಕಿಬಿದ್ದ ಹುಡುಗ ಮೊರೆಯಿಡುವ ಕತೆ ಓದಿಸಿ ನೆನಪಿನಿಂದ ಹೇಳಿಸಿದಾಗ, ದೇವರು ಇನ್ನೆಲ್ಲೋ ಒಬ್ಬರ ಮೊರೆ ಮುಗಿಸಿ ಇಲ್ಲಿಗೆ ಬಂದನೆಂಬಂತೆ ಕತೆ ಬದಲಾಗಿತ್ತು. ಕತೆಯಲ್ಲಿ ಹಾಗೆ ಇರಲೇ ಇಲ್ಲ. 1998ರಲ್ಲಿ ಬ್ಯಾರೆಟ್ ಇದೇ ಬಗೆಯ ಅಧ್ಯಯನವನ್ನು ಭಾರತದ ಹಿಂದೂಗಳ ನಡುವೆ ನಡೆಸಿದಾಗಲೂ ಹೀಗೆಯೇ ಆಯಿತು. ಶಾಸ್ತ್ರ ಕೇಳಿದರೆ ಅನಂತ, ಕತೆ ಹೇಳಿದರೆ ದೇಹವಿರುವ, ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ದೇವರು.

ಇದರಲ್ಲಿ ನಗುವಂಥದ್ದೇನೂ ಇಲ್ಲ. ಭಾರತೀಯ ಸಂಪ್ರದಾಯಗಳು ಈ ಬಿರುಕನ್ನು ಬಹಳ ಹಿಂದೆಯೇ ಕಂಡುಕೊಂಡು, ನಿರ್ಗುಣ ಸಗುಣಗಳೆಂದು ಬೇರೆ ಮಾಡಿ, ಎರಡಕ್ಕೂ ಜಾಗ ಕೊಟ್ಟಿವೆ. ತಿರುಮಲದಲ್ಲಿ ದೇವರನ್ನು ಸುಪ್ರಭಾತದಿಂದ ಎಬ್ಬಿಸಿ ಏಕಾಂತಸೇವೆಯಿಂದ ಮಲಗಿಸುತ್ತಾರೆ. ಪುರಿಯಲ್ಲಿ ಸ್ನಾನಯಾತ್ರೆಯ ನಂತರ ಜಗನ್ನಾಥನಿಗೆ ಜ್ವರ ಬಂದು, ಹದಿನೈದು ದಿನ ದರ್ಶನವಿಲ್ಲದೆ ಚಿಕಿತ್ಸೆ ನಡೆಯುತ್ತದೆ. ಪ್ರಯೋಗಾಲಯ ಪಾಶ್ಚಾತ್ಯ ವಿದ್ಯಾರ್ಥಿಗಳಲ್ಲಿ ಹುಡುಕಿ ತೆಗೆದದ್ದನ್ನು ಇಲ್ಲಿನ ಅರ್ಚಕರು ದಿನಚರಿಯಾಗಿಯೇ ನಡೆಸಿಕೊಂಡು ಬಂದಿದ್ದಾರೆ.

ಇಲ್ಲಿಯವರೆಗಿನ ವಿವರಣೆ ದೇವರ ಕಲ್ಪನೆ ಏಕೆ ಸುಲಭ ಎಂಬುದಕ್ಕೆ ಉತ್ತರ. ಕಲ್ಪನೆಯೇ ನಂಬಿಕೆಯಾಗಿದ್ದರೆ ಮಿಕ್ಕಿ ಮೌಸ್‌ಗೂ ಗುಡಿಯಿರಬೇಕಿತ್ತು. ಮಾತಾಡುವ ಇಲಿ ಬೊಯೆಯ ಸೂತ್ರಕ್ಕೆ ಚೆನ್ನಾಗಿ ಹೊಂದುತ್ತದೆ, ಜಗತ್ತಿನ ಮಕ್ಕಳಿಗೆಲ್ಲ ನೆನಪಿದೆ, ಹರಕೆ ಹೊತ್ತವರು ಯಾರೂ ಇಲ್ಲ. ಗ್ರೀಕರ ಜ಼್ಯೂಸ್ ದೇವನ ಸ್ಥಿತಿಯೂ ಅದೇ. ಒಂದು ಕಾಲಕ್ಕೆ ಎತ್ತುಗಳ ಬಲಿ ಪಡೆಯುತ್ತಿದ್ದವನು ಈಗ ಕತೆಪುಸ್ತಕದಲ್ಲಿದ್ದಾನೆ. ಅವನ ಗುಣಲಕ್ಷಣಗಳು ಬದಲಾಗಿಲ್ಲ, ಅವನಿಗಾಗಿ ಕಳೆದುಕೊಳ್ಳಲು ಸಿದ್ಧರಿದ್ದವರು ಇಲ್ಲವಾದರು.

ಈ ಕಳೆದುಕೊಳ್ಳುವಿಕೆಯೇ ಮುಖ್ಯವೆಂದು ಜೋಸೆಫ್ ಹೆನ್ರಿಚ್ 2009ರಲ್ಲಿ ವಾದಿಸಿದ. ಬಾಯಿಮಾತಿಗೆ ಖರ್ಚಿಲ್ಲ, ಸುಳ್ಳೂ ಹೇಳಬಹುದು. ಹೇಳುವವನು ತನ್ನ ಮಾತಿಗೆ ಬೆಲೆ ತೆತ್ತಾಗ ಮಾತ್ರ ನೋಡುವವರು, ವಿಶೇಷವಾಗಿ ಮಕ್ಕಳು, ಅದನ್ನು ನಿಜವೆಂದು ಹಿಡಿಯುತ್ತಾರೆ. ಉಪವಾಸ, ಬ್ರಹ್ಮಚರ್ಯ, ಮುಡಿ ಕೊಡುವುದು, ಬಾಯಿಬೀಗ, ಉರುಳುಸೇವೆ, ಕೊಂಡ ಹಾಯುವುದು ಇವೆಲ್ಲ ಈ ದೃಷ್ಟಿಯಿಂದ ಪುರಾವೆಗಳು. ಭಕ್ತನ ಮನಸ್ಸು ಯಾರಿಗೂ ಕಾಣದು, ಕೆಂಡದ ಮೇಲಿನ ಪಾದ ಊರಿಗೆಲ್ಲ ಕಾಣುತ್ತದೆ.

ಈ ವಾದಕ್ಕೆ ಸಾಕಷ್ಟು ಆಧಾರವಿದೆ. ರಿಚರ್ಡ್ ಸೋಸಿಸ್ ಅಮೆರಿಕದಲ್ಲಿ 19ನೆಯ ಶತಮಾನದ 200 ಆದರ್ಶ ಸಮುದಾಯಗಳ ಆಯುಷ್ಯವನ್ನು ಹೋಲಿಸಿದ. ಧರ್ಮದ ಮೇಲೆ ನಿಂತವು, ಸಮಾಜವಾದದಂಥ ಲೌಕಿಕ ತತ್ತ್ವದ ಮೇಲೆ ನಿಂತವುಗಳಿಗಿಂತ ಹೆಚ್ಚು ಬಾಳಿದ್ದವು. ಯಾವುದೇ ವರ್ಷದಲ್ಲಿ ಉಳಿಯುವ ಸಾಧ್ಯತೆ ಅವಕ್ಕೆ ಸುಮಾರು ನಾಲ್ಕು ಪಟ್ಟು. ಮುಂದೆ 83 ಸಮುದಾಯಗಳನ್ನು ಸೂಕ್ಷ್ಮವಾಗಿ ನೋಡಿದಾಗ, ಧಾರ್ಮಿಕವಾದವುಗಳಲ್ಲಿ ಊಟ, ಉಡುಪು, ಆಸ್ತಿಗಳ ಮೇಲೆ ನಿಯಮ ಬಿಗಿಯಾದಷ್ಟೂ ಆಯುಷ್ಯ ಹೆಚ್ಚಿತ್ತು. ಲೌಕಿಕ ಸಮುದಾಯಗಳಲ್ಲಿ ಬಿಗಿ ನಿಯಮದಿಂದ ಅಂಥ ಪ್ರಯೋಜನ ಆಗಲಿಲ್ಲ. ಇಸ್ರೇಲಿನ ಕಿಬ್ಬುಟ್ಜ್‌ಗಳಲ್ಲಿ ಸೋಸಿಸ್ ಮತ್ತು ಬ್ರಾಡ್ಲಿ ರಫಲ್ ಹಣದ ಆಟ ಆಡಿಸಿದರು. 100 ಶೆಕೆಲ್ ಇರುವ ಲಕೋಟೆಯಿಂದ ಇಬ್ಬರು, ಒಬ್ಬರಿಗೊಬ್ಬರು ಕಾಣದಂತೆ, ಬೇಕಾದಷ್ಟು ಕೇಳಬಹುದು. ಇಬ್ಬರದೂ ಸೇರಿ ನೂರು ದಾಟಿದರೆ ಯಾರಿಗೂ ಇಲ್ಲ, ಉಳಿಸಿದರೆ ಉಳಿದದ್ದು ಬೆಳೆದು ಹಂಚಿಕೆಯಾಗುತ್ತದೆ. ದಿನವೂ ಸಾಮೂಹಿಕ ಪ್ರಾರ್ಥನೆಗೆ ಹೋಗುವ ಪುರುಷರು ಎಲ್ಲರಿಗಿಂತ ಕಡಿಮೆ ಕೇಳಿದರು.

ಸ್ಪೇನಿನ ಸಾನ್ ಪೆದ್ರೊ ಮಾನ್ರೀಕೆ ಎಂಬ ಹಳ್ಳಿಯಲ್ಲಿ ಜೂನ್ 23ರ ರಾತ್ರಿ ಕೆಂಡ ಹಾಯುತ್ತಾರೆ. ದಿಮಿತ್ರಿಸ್ ಕ್ಸಿಗಲಾತಾಸ್ ಮತ್ತು ಸಂಗಡಿಗರು ಅಲ್ಲಿ ಹಾಯುವವರ ಮತ್ತು ನೋಡುವವರ ಎದೆಬಡಿತವನ್ನು ಅಳೆದು 2011ರಲ್ಲಿ ಪ್ರಕಟಿಸಿದರು. ಹಾಯುವವನ ಎದೆಬಡಿತದ ಏರಿಳಿತ ಅವನ ಬಂಧುಮಿತ್ರರ ಎದೆಯಲ್ಲೂ ಮೂಡಿತ್ತು. ಹೊರಗಿನಿಂದ ಬಂದ ಪ್ರೇಕ್ಷಕರಲ್ಲಿ ಮೂಡಿರಲಿಲ್ಲ. ಮಾರಿಷಸ್‌ನ ತೈಪೂಸಂ ಹಬ್ಬದಲ್ಲಿ ಕಾವಡಿ ಹೊತ್ತು ಮೈಗೆ ಶೂಲ ಚುಚ್ಚಿಕೊಂಡವರು, ಬರೀ ಭಜನೆಯಲ್ಲಿ ಕೂತವರಿಗಿಂತ ಹೆಚ್ಚು ಹಣವನ್ನು ಗುಪ್ತವಾಗಿ ದೇವಸ್ಥಾನಕ್ಕೆ ಕೊಟ್ಟರು. ಜೊತೆಗೆ ನಡೆದು ನೋಡಿದವರೂ ಕಡಿಮೆ ಕೊಡಲಿಲ್ಲ. ನೋವು ಒಬ್ಬನದು, ಅದರ ಪರಿಣಾಮ ಬಳಗದ್ದು.

ಇದಕ್ಕೆ ಕರ್ನಾಟಕದ್ದೇ ಒಂದು ದಾಖಲೆಯಿದೆ, ಪ್ರಪಂಚದಲ್ಲಿ ಅದಕ್ಕೆ ಸಮನಾದವು ವಿರಳ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಕ್ರಿ.ಶ. 600ರಿಂದ ಈಚೆಗೆ ಕೆತ್ತಿದ ಶಾಸನಗಳಲ್ಲಿ ಬಹಳಷ್ಟು, ಸಲ್ಲೇಖನ ವ್ರತದಿಂದ ಮುಡಿಪಿದ ಜೈನ ಮುನಿಗಳ, ಕಂತಿಯರ, ಗೃಹಸ್ಥರ ನೆನಪಿಗೆ ಹಾಕಿಸಿದವು. ಬಿ. ಎಲ್. ರೈಸ್ ಅವನ್ನು 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದರು. ಸಾವಿನ ಕ್ಷಣವನ್ನು ಕಂಡವರು ಕೆಲವರೇ ಇದ್ದರೂ, ಕಲ್ಲಿಗೆ ಬಂದ ಮೇಲೆ ತಲೆಮಾರುಗಳೇ ಸಾಕ್ಷಿಗಳಾದವು. ಹೆನ್ರಿಚ್ ಹೇಳಿದ ದುಬಾರಿ ಪುರಾವೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಈ ಶಾಸನಗಳು ಇನ್ನೊಂದು ಪ್ರಸಿದ್ಧ ಸಿದ್ಧಾಂತಕ್ಕೆ ತೊಡಕಾಗಿಯೂ ನಿಲ್ಲುತ್ತವೆ. ಅರಾ ನೊರೆನ್‌ಜ಼ಾಯನ್ 2013ರ ‘ಬಿಗ್ ಗಾಡ್ಸ್’ ಪುಸ್ತಕದಲ್ಲಿ, ಎಲ್ಲವನ್ನೂ ನೋಡುವ, ತಪ್ಪಿಗೆ ಶಿಕ್ಷಿಸುವ ಮಹಾದೇವರುಗಳಿಂದಲೇ ಅಪರಿಚಿತರು ಒಬ್ಬರನ್ನೊಬ್ಬರು ನಂಬಿ ದೊಡ್ಡ ಸಮಾಜಗಳನ್ನು ಕಟ್ಟಲು ಸಾಧ್ಯವಾಯಿತು ಎಂದ. ಜೈನರಿಗೂ ಬೌದ್ಧರಿಗೂ ಸೃಷ್ಟಿಕರ್ತನಿಲ್ಲ, ಮೇಲಿಂದ ನೋಡಿ ದಂಡ ವಿಧಿಸುವ ಒಡೆಯನೂ ಇಲ್ಲ. ಕರ್ಮ ತಾನಾಗಿ ಫಲಿಸುತ್ತದೆ. ಆದರೂ ಅವರು ಬಂದರಿನಿಂದ ಬಂದರಿಗೆ ವ್ಯಾಪಾರ ಮಾಡಿದರು, ಸಂಘ ಕಟ್ಟಿದರು, ರಾಜ್ಯಗಳಿಗೆ ಬೆಂಬಲವಾದರು. ಕರ್ಮವೂ ಕಾವಲಿನ ಕೆಲಸ ಮಾಡುತ್ತದೆಂದು ಸಿದ್ಧಾಂತವನ್ನು ಹಿಗ್ಗಿಸಬಹುದು. ಹಿಗ್ಗಿಸಿದಷ್ಟೂ ‘ಮಹಾದೇವರು’ ಎಂಬ ಪದಕ್ಕೆ ಅರ್ಥ ಕಡಿಮೆಯಾಗುತ್ತದೆ.

ಸಿದ್ಧಾಂತದ ಪರವಾಗಿ ಒಳ್ಳೆಯ ಕೆಲಸ ಆಗಿಲ್ಲವೆಂದಲ್ಲ. ಬೆಂಜಮಿನ್ ಪುರ್ಜಿಕಿ ಮತ್ತು ಸಂಗಡಿಗರು ಟಾಂಜಾನಿಯಾ, ಫಿಜಿ, ಸೈಬೀರಿಯಾ, ಮಾರಿಷಸ್ ಮೊದಲಾದೆಡೆಯ ಎಂಟು ಸಮುದಾಯಗಳ 591 ಮಂದಿಗೆ ನಾಣ್ಯ ಹಂಚುವ ಆಟ ಆಡಿಸಿ 2016ರಲ್ಲಿ ವರದಿ ಮಾಡಿದರು. ತಮ್ಮ ದೇವರಿಗೆ ಎಲ್ಲ ತಿಳಿಯುತ್ತದೆ, ಆತ ಶಿಕ್ಷಿಸುತ್ತಾನೆ ಎಂದು ಹೆಚ್ಚು ನಂಬಿದವರು, ದೂರದ ಊರಿನ ತಮ್ಮದೇ ಮತದವರಿಗೆ ಹೆಚ್ಚು ನ್ಯಾಯವಾಗಿ ಹಂಚಿದರು. ಇತಿಹಾಸದ ಕಡೆಯಿಂದ ಮಾತ್ರ ಪೆಟ್ಟು ಬಿತ್ತು. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೇಖನವೊಂದು 414 ಸಮಾಜಗಳ ಮಾಹಿತಿ ಹಿಡಿದು, ದೊಡ್ಡ ಸಮಾಜಗಳೇ ಮೊದಲು, ನೀತಿಪಾಲಕ ದೇವರುಗಳು ಆಮೇಲೆ ಎಂದಿತು. ಮಾಹಿತಿಯೇ ಸಿಗದ ಎಷ್ಟೋ ಕಡೆ ‘ಅಂಥ ದೇವರಿರಲಿಲ್ಲ’ ಎಂದು ಎಣಿಸಲಾಗಿದೆಯೆಂದು ಬೇರೆ ವಿದ್ವಾಂಸರು ತೋರಿಸಿದ ಮೇಲೆ, 2021ರಲ್ಲಿ ಆ ಲೇಖನ ಹಿಂತೆಗೆಯಲ್ಪಟ್ಟಿತು. ಬರೆವಣಿಗೆಯಿಲ್ಲದ ಸಮಾಜದ ದೇವರು ದಾಖಲೆಯಲ್ಲಿ ಇಲ್ಲದಿರುವುದು ಸಹಜ. ಈ ಎಚ್ಚರ ಜನಪದ ವಿದ್ವಾಂಸರಿಗೆ ಮೊದಲಿನಿಂದಲೂ ಇದೆ.

ನಂಬಿಕೆಗೆ ಕಾರಣ ಸಿಕ್ಕಿದರೆ ನಂಬಿಕೆ ಸುಳ್ಳಾಗುತ್ತದೆಯೇ? ಆಗುವುದಿಲ್ಲ. ಗಣಿತದ ಜ್ಞಾನಕ್ಕೂ ಮಿದುಳಿನಲ್ಲಿ ಕಾರಣಗಳಿವೆ, ಅದರಿಂದ ಲೆಕ್ಕ ತಪ್ಪಾಗದು. ವಿಲಿಯಂ ಜೇಮ್ಸ್ 1902ರಲ್ಲೇ ಹಾಗೆ ತೀರ್ಮಾನಿಸುವ ಅವಸರವನ್ನು ಟೀಕಿಸಿದ್ದ. ಬ್ಯಾರೆಟ್ ಸ್ವತಃ ಶ್ರದ್ಧಾವಂತ ಕ್ರೈಸ್ತ, ಇದೇ ಆಧಾರಗಳನ್ನು ಒಪ್ಪಿದ್ದ ಡೇನಿಯಲ್ ಡೆನೆಟ್ ಹೆಸರಾಂತ ನಾಸ್ತಿಕನಾಗಿದ್ದ. ನಂಬಿಕೆ ಸಹಜವೆಂದ ಮಾತ್ರಕ್ಕೆ ಅದು ಸತ್ಯವೆಂದೂ ಆಗದು. ಭೂಮಿ ಚಪ್ಪಟೆಯೆಂದು ಕಾಣುವುದೂ ಸಹಜವೇ. ಆದರೆ ಪರೀಕ್ಷೆಗೆ ಸಿಗುವ ಹೇಳಿಕೆಗಳ ಮಾತು ಬೇರೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರಿಶೀಲಿಸಲು ಸಮಿತಿ ರಚಿಸಿದ್ದು ಅಂಥ ಹೇಳಿಕೆಗಳಿಗಾಗಿ. ಕರ್ನಾಟಕದ 2017ರ ಅಮಾನವೀಯ ದುಷ್ಟಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ನೋಡುವುದು ಹಾನಿಯನ್ನು. ನಂಬಿಕೆ ಎಲ್ಲಿಂದ ಬಂತೆಂಬ ಅಧ್ಯಯನ ಈ ಎರಡು ಕೆಲಸಗಳನ್ನೂ ಮಾಡುವುದಿಲ್ಲ, ಬೇಡವೆನ್ನುವುದೂ ಇಲ್ಲ. ಭಕ್ತರೆಲ್ಲ ಮೂಢರೆಂಬ ಸಲೀಸಾದ ತೀರ್ಪಿಗೆ ಮಾತ್ರ ಅದು ಅವಕಾಶ ಕೊಡದು, ಏಕೆಂದರೆ ನಂಬಿಸುವ ಬುದ್ಧಿಯೂ ಪ್ರಶ್ನಿಸುವವನ ಬುದ್ಧಿಯೂ ಒಂದೇ ಎರಕದವು.

ಕೊನೆಯದಾಗಿ ಒಂದು ಕೋರಿಕೆ. ಎದೆಬಡಿತ ಅಳೆಯುವ ಪಟ್ಟಿಗೂ ನಾಣ್ಯಗಳ ಆಟಕ್ಕೂ ದೊಡ್ಡ ಪ್ರಯೋಗಾಲಯ ಬೇಡ. ಬೇಕಾದದ್ದು ಭಾಷೆ ಬಲ್ಲ, ಆಚರಣೆಯನ್ನು ಗೌರವದಿಂದ ಕಾಣುವ, ಭಾಗವಹಿಸುವವರ ಒಪ್ಪಿಗೆ ಪಡೆದು ಕೆಲಸ ಮಾಡುವ ಸಂಶೋಧಕರು. ಹಳೇ ಮೈಸೂರಿನ ಕೊಂಡ, ಉತ್ತರ ಕರ್ನಾಟಕದ ಅಗ್ಗಿ, ತುಳುನಾಡಿನ ಕೋಲ ಇವುಗಳನ್ನು ನಮ್ಮ ಜಾನಪದ ವಿದ್ವಾಂಸರು ದಶಕಗಳಿಂದ ಸಂಗ್ರಹಿಸಿ ವಿವರಿಸಿದ್ದಾರೆ. ಆ ವಿವರಗಳ ಪಕ್ಕದಲ್ಲಿ ಅಳತೆಗಳೂ ಕೂರಬೇಕು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ ಮೈಸೂರು, ಮಂಗಳೂರು, ಧಾರವಾಡಗಳ ಮನಶ್ಶಾಸ್ತ್ರ ಮತ್ತು ಸಮಾಜವಿಜ್ಞಾನ ವಿಭಾಗಗಳೂ ಕೂಡಿ ಇದನ್ನು ಕೈಗೆತ್ತಿಕೊಳ್ಳಲಿ. ದತ್ತಿಗಳನ್ನು ಸ್ಥಾಪಿಸುವ ಮಹನೀಯರು ಉಪನ್ಯಾಸಗಳ ಜೊತೆಗೆ ಇಂಥ ಕ್ಷೇತ್ರಕಾರ್ಯಕ್ಕೂ ಶಿಷ್ಯವೇತನ ಇಡುವುದನ್ನು ಯೋಚಿಸಬೇಕು.